ಬೇಡ ಎನ್ನದವರು

ಜನವರಿ ೯

ಅಕ್ಕಾ,

ಫೋನು ಮಾಡಿದರೆ ನೀನು "ಹೂಂ, ಎಲ್ಲ ಚೆನ್ನಾಗಿದೀವಿ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ಆ ಆಮೇಲೆ ಎನ್ನುವುದು ಬರುವುದೇ ಇಲ್ಲ. ಅದಕ್ಕೇ ಈ ಕಾಗದ. ಇದನ್ನು ನಡುವೆ ಕತ್ತರಿಸಲು ನಿನ್ನಿಂದ ಆಗುವುದಿಲ್ಲ.

ಒಂದು ಸಹಾಯ ಬೇಕು. ನಾನು ಸ್ತ್ರೀವಾದ ಓದಬೇಕು. ನಗಬೇಡ. ಕಥೆ, ಕಾದಂಬರಿ ಅಲ್ಲ. ವಿಚಾರ, ಸಿದ್ಧಾಂತ, ನೀನು ಕಾಲೇಜಿನಲ್ಲಿ ಇಷ್ಟು ವರ್ಷದಿಂದ ಪಾಠ ಮಾಡುತ್ತಿರುವುದು. ಎಲ್ಲಿಂದ ಶುರು ಮಾಡಲಿ? ನನ್ನ ತಲೆ ಎಂಥದ್ದು ಎಂದು ನಿನಗೆ ಗೊತ್ತು. ಶಾಲೆಯಲ್ಲಿ ನನ್ನ ಪ್ರಬಂಧಗಳನ್ನೆಲ್ಲ ಬರೆದುಕೊಟ್ಟವಳು ನೀನೇ. ಈಗಲೂ ಬೆಳಗಿನಿಂದ ಸಂಜೆಯವರೆಗೆ ನಾನು ನೋಡುವುದು ನೀರಿನ ಬಾಟಲಿ, ಅದರ ಮೇಲಿನ ಚೀಟಿ, ಅದರೊಳಗಿನ ಕೊಳೆ. ಊರಿನ ನಲ್ಲಿಗಳ ನೀರೆಲ್ಲ ನಮ್ಮ ಪರೀಕ್ಷಾ ಕೇಂದ್ರಕ್ಕೆ ಬರುತ್ತದೆ. ಇದನ್ನು ಕುಡಿಯಬಹುದು, ಇದನ್ನು ಕೂಡದು ಎಂದು ಬರೆದು ಸಹಿ ಹಾಕುತ್ತೇನೆ. ಅದಕ್ಕೆ ಯಾವ ಸಿದ್ಧಾಂತವೂ ಬೇಕಾಗಿರಲಿಲ್ಲ.

ಇಲ್ಲಿನ ಗ್ರಂಥಾಲಯದಲ್ಲಿ ಕೇಳಿದೆ. "ಮಹಿಳಾ ವಿಭಾಗ ಆ ಕಡೆ" ಎಂದು ಕೈ ತೋರಿಸಿದರು. ಹೋಗಿ ನೋಡಿದರೆ ಹೆಣಿಗೆ, ಕೂದಲಿನ ಆರೈಕೆ, ಬಸುರಿಯ ಆರೈಕೆ. ಅವುಗಳ ಹಿಂದೆ ಒಂದು ದಪ್ಪ ಪುಸ್ತಕ ಸಿಕ್ಕಿತು. ಅದರ ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು.

ಈಗೇಕೆ ಇದೆಲ್ಲ ಎಂದು ಕೇಳಬೇಡ. ನಲವತ್ತು ದಾಟಿದ ಮೇಲೆ ಬುದ್ಧಿ ಬಂತು ಎಂದುಕೋ. ಬೇಗ ಬರಿ. ನಿಜವಾಗಿಯೂ ಬೇಗ.

ನಿನ್ನ ತರಲೆ

*

ಜನವರಿ ೨೮

ತರಲೆ,

ಬೇಗ ಎಂದಿದ್ದೆ, ಆಗಲಿಲ್ಲ. ಅತ್ತೆ ಹಾಗೆಯೇ ಇದ್ದಾರೆ, ಹಾಸಿಗೆ ನಡುಮನೆಯಲ್ಲೇ. ನಾನು ಫೋನಿನಲ್ಲಿ ಮಾತನಾಡಿದರೆ ಅವರಿಗೆ ಎಚ್ಚರವಾಗುತ್ತದೆ, ಎಚ್ಚರವಾದರೆ ಯಾರು, ಏನಂತೆ ಎಂದು ಪೂರ್ತಿ ಕೇಳಬೇಕು ಅವರಿಗೆ. ಕಾಗದವೇ ವಾಸಿ.

ಆ ದಪ್ಪ ಪುಸ್ತಕವನ್ನು ವಾಪಸ್ ಕೊಟ್ಟುಬಿಡು. ಶುರುವಿಗೆ ಅದನ್ನು ಯಾರೂ ಓದುವುದಿಲ್ಲ. ಅರ್ಧ ಜನ ಕೊನೆಗೂ ಓದುವುದಿಲ್ಲ, ಓದಿದ್ದೇವೆ ಎನ್ನುತ್ತಾರೆ. ತೆಳ್ಳನೆಯದೊಂದು ಕಳಿಸುತ್ತಿದ್ದೇನೆ. ಮುನ್ನುಡಿ ಬಿಟ್ಟು ನೇರ ಮನೆಗೆಲಸದ ಅಧ್ಯಾಯಕ್ಕೆ ಹೋಗು, ಅದು ನಿನಗೆ ಗೊತ್ತಿರುವ ಊರು. ಅರ್ಥವಾಗದ ಪದ ಬಂದರೆ ನಿಲ್ಲಬೇಡ. ಮತ್ತೆ ಮತ್ತೆ ಎದುರಾದರೆ ತಾನಾಗಿ ಪರಿಚಯವಾಗುತ್ತದೆ, ಬಸ್ಸಿನಲ್ಲಿ ದಿನಾ ಕಾಣುವವರ ಹಾಗೆ. ಸಿಟ್ಟು ಬಂದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳಿ. ಒಪ್ಪಿಗೆಯಾದ ಕಡೆ ಬೇಡ.

ಇದನ್ನೆಲ್ಲ ಓದಿದರೆ ಬದುಕು ಸರಿಹೋಗುತ್ತದೆ ಎಂದು ಮಾತ್ರ ಎಣಿಸಬೇಡ. ಎಲ್ಲಿ ನೋಯುತ್ತಿದೆ ಎಂದು ಗೊತ್ತಾಗುತ್ತದೆ, ಅಷ್ಟೇ.

ನಿನ್ನ ಯಜಮಾನರು, ಲಿಫ್ಟಿನವರು, ಹೇಗಿದ್ದಾರೆ? ಈಗಲೂ ಊರಿನ ಲಿಫ್ಟುಗಳೆಲ್ಲ ಅವರು ಊಟಕ್ಕೆ ಕೂತಾಗಲೇ ಕೆಡುತ್ತವೆಯೇ? ನಿಮ್ಮಿಬ್ಬರ ನಡುವೆ ಎಲ್ಲ ಸರಿ ತಾನೆ?

ಅಕ್ಕ

*

ಫೆಬ್ರವರಿ ೧೧

ಅಕ್ಕಾ,

ಪುಸ್ತಕ ತಲುಪಿತು. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಮಾದರಿಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಮುಂದೆ ಸ್ಟೂಲು ಹಾಕಿಕೊಂಡು ಓದುತ್ತಿದ್ದೇನೆ. ‘ಪಿತೃಪ್ರಧಾನ’ ಎನ್ನುವುದು ಪುಟಕ್ಕೊಂದು ಸಲವಾದರೂ ಬರುತ್ತದೆ. ನಮ್ಮಪ್ಪ ತಮ್ಮ ಕನ್ನಡಕವನ್ನು ತಾವು ಹುಡುಕಿಕೊಳ್ಳಲಾರದವರು, ಅವರೆಂಥ ಪ್ರಧಾನ ಎಂದು ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಆಮೇಲೆ, ಆ ಕನ್ನಡಕ ಹುಡುಕಿಕೊಡುತ್ತಿದ್ದವರು ಯಾರು ಎಂದು ಹೊಳೆಯಿತು. ಅಮ್ಮ ಕೈಯಲ್ಲಿ ಹಿಡಿದ ಕೆಲಸ ಬಿಟ್ಟು ಏಳುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ನಗು ಅಲ್ಲಿಗೇ ನಿಂತಿತು.

ನಮ್ಮೋರು ಹಿಂದಿನಿಂದ ಇಣುಕಿ "ಏನಿದು, ನನ್ನ ಮೇಲೆ ಕಂಪ್ಲೇಂಟಾ?" ಎಂದರು. "ನಿಮ್ಮ ಪುಟ ಇನ್ನೂ ಬಂದಿಲ್ಲ" ಎಂದೆ. ಸುಮ್ಮನೆ ಹೋಗಿ ಪಾತ್ರೆ ತೊಳೆದರು.

ಆದರೆ ನನಗೆ ಬೇಕಾದದ್ದು ಇದರಲ್ಲಿ ಇಲ್ಲ. ಒಂದು ಕೇಳುತ್ತೇನೆ, ಮೇಷ್ಟ್ರ ಥರ ಸುತ್ತಿಬಳಸದೆ ಹೇಳು. ಒಬ್ಬ ಹೆಂಗಸು ಬೇಡ ಎನ್ನದಿದ್ದರೆ ಅದು ಒಪ್ಪಿಗೆಯೇ? ಆ ಗಂಡಸು ಕೆಟ್ಟವನಲ್ಲದಿದ್ದರೆ? ಉಳಿದವರಿಗೆಲ್ಲ ಒಳ್ಳೆಯದನ್ನೇ ಮಾಡಿದ್ದರೆ?

ನಿದ್ದೆ ಸರಿಯಾಗಿಲ್ಲ. ಕೂತಲ್ಲೇ ತಲೆ ಭಾರವಾಗುತ್ತದೆ.

ತರಲೆ

*

ಫೆಬ್ರವರಿ ೧೯

ತರಲೆ,

ನಿನ್ನ ಕಾಗದವನ್ನು ನಿಂತೇ ಓದಿದೆ, ಮತ್ತೆ ಕೂತು ಓದಿದೆ. ನೀನು ಯಾರ ಬಗ್ಗೆ ಕೇಳುತ್ತಿದ್ದೀಯ ಎಂದು ನನಗೆ ಅರ್ಥವಾಗದೆ ಇಲ್ಲ. ಅಷ್ಟು ವರ್ಷ ಒಳ್ಳೆಯವರಾಗಿದ್ದರು ಎನ್ನುವುದು ಲೆಕ್ಕಕ್ಕಿಲ್ಲ. ಲಿಫ್ಟಿನವರು ನಿನ್ನ ಮೇಲೆ ಕೈ ಮಾಡಿದರೇ? ಬಲವಂತ ಮಾಡುತ್ತಾರೆಯೇ? ಮಗಳನ್ನು ಕರೆದುಕೊಂಡು ಬಂದುಬಿಡು. ಇಲ್ಲಿ ಜಾಗವಿದೆ.

ನಿನ್ನ ಪ್ರಶ್ನೆಗೆ ಉತ್ತರ: ಅವಳು ಯಾಕೆ ಬೇಡ ಎನ್ನಲಿಲ್ಲ ಎಂದು ಕೇಳುವ ಮೊದಲು, ಬೇಡ ಎಂದಿದ್ದರೆ ಅವಳು ಏನೇನು ಕಳೆದುಕೊಳ್ಳುತ್ತಿದ್ದಳು ಎಂದು ಕೇಳಬೇಕು. ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಈ ವಿಷಯದ ಮೇಲೆ ಇನ್ನೊಂದು ಪುಸ್ತಕವಿದೆ, ಅಟ್ಟದ ಮೇಲೆ ಎಲ್ಲೋ ಇರಬೇಕು, ಹುಡುಕುತ್ತೇನೆ. ಕಾಲೇಜಿನ ಕಡೆ ಗಡಿಬಿಡಿ, ಮನೆಯಲ್ಲಿ ಇದು. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದಿದ್ದೇನೆ.

ಬಾ. ಜಾಗವಿದೆ ಎಂದೆನಲ್ಲ.

ಅಕ್ಕ

*

ಮಾರ್ಚ್ ೩

ಅಯ್ಯೋ ಅಕ್ಕಾ,

ಪಾಪ ನಮ್ಮೋರು! ನಿನ್ನ ಕಾಗದವನ್ನು ಅವರಿಗೇ ಓದಿ ಹೇಳಿದೆ. "ಅಷ್ಟು ಪಾತ್ರೆ ತೊಳೆದಿದ್ದಕ್ಕೆ ಇದಾ?" ಎಂದರು. ಎಲ್ಲದಕ್ಕೂ ಮೊದಲು ಗಂಡನ ಮೇಲೆಯೇ ಅನುಮಾನವೇ? ನೀನು ಅಷ್ಟು ಓದಿದ್ದಕ್ಕೋ ಏನೋ. ಸರಿ, ಮುಚ್ಚಿಟ್ಟದ್ದು ನಾನೇ. ಯಾರಿಗೂ ಹೇಳಬಾರದು ಎಂಬ ನಿಯಮವಿದೆ. ಈಗ ಅದನ್ನು ಮುರಿಯುತ್ತಿದ್ದೇನೆ.

ನಮ್ಮ ಕೇಂದ್ರದಲ್ಲಿ ಹೆಂಗಸರ ದೂರು ಕೇಳುವ ಒಂದು ಸಮಿತಿ ಇದೆ. ಗೋಡೆಯ ಮೇಲೆ ಒಂದು ಬೋರ್ಡು, ಅಷ್ಟೇ ಇತ್ತು. ಹಿರಿಯ ಹೆಂಗಸು ಬೇಕು ಎಂದು ನನ್ನ ಹೆಸರು ಹಾಕಿದ್ದರು. ಈಗ ದೂರು ಬಂದಿದೆ. ಕೊಟ್ಟವಳು ಊರೆಲ್ಲ ತಿರುಗಿ ನೀರಿನ ಮಾದರಿ ತರುವ ಹುಡುಗಿ, ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿಲ್ಲ. ದೂರು ನಮ್ಮ ಮುಖ್ಯಸ್ಥರ ಮೇಲೆ.

ಆ ಮುಖ್ಯಸ್ಥರು ಯಾರು ಗೊತ್ತೇ? ಮಗಳು ಆಸ್ಪತ್ರೆಯಲ್ಲಿದ್ದಾಗ ನನ್ನ ಕೆಲಸವನ್ನೂ ತಾವೇ ಮಾಡಿ, ಒಂದು ದಿನವೂ ರಜೆ ಎಂದು ಬರೆಯದವರು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಡುವುದನ್ನು ನನಗೆ ಕಲಿಸಿದವರು.

ಸಮಿತಿಯಲ್ಲಿ ನಾವು ಮೂವರು: ಹೊರಗಿನಿಂದ ಬಂದ ವಕೀಲೆ, ಆಡಳಿತಾಧಿಕಾರಿ, ನಾನು. ಹುಡುಗಿ ಹೇಳಿದ್ದು ಇಷ್ಟು. ವರದಿ ತಿದ್ದಬೇಕು ಎಂದು ಎಲ್ಲರೂ ಹೋದ ಮೇಲೆ ಅವಳನ್ನು ಉಳಿಸಿಕೊಳ್ಳುತ್ತಿದ್ದರು. ಬಾಗಿಲು ಮುಚ್ಚುತ್ತಿದ್ದರು. ಕುರ್ಚಿ ಹತ್ತಿರ ಎಳೆದುಕೊಂಡು ಹೆಗಲ ಮೇಲೆ ಕೈ ಇಡುತ್ತಿದ್ದರು, ತೆಗೆಯುತ್ತಿರಲಿಲ್ಲ. ಒಂದು ವಾರ ಅವಳು ಬೇರೆಯವರ ಜೊತೆಗೇ ಹೊರಟುಬಿಟ್ಟಳು. ಮುಂದಿನ ವಾರ ಅವಳನ್ನು ಬಾಟಲಿ ತೊಳೆಯುವ ಕೋಣೆಗೆ ಹಾಕಿದರು.

ವಕೀಲೆ ಕೇಳಿದರು: "ಬೇಡ ಅಂತ ಹೇಳಿದ್ರಾ?"

"ಇಲ್ಲ."

"ಎದ್ದು ಹೋಗಬಹುದಿತ್ತಲ್ಲ?"

"ಹೋಗಬಹುದಿತ್ತು."

"ಮತ್ತೆ?"

ಹುಡುಗಿ ತನ್ನ ಕೈಗಳನ್ನೇ ನೋಡುತ್ತಿದ್ದಳು. ಸೋಪಿನ ನೀರಿಗೆ ಬೆರಳೆಲ್ಲ ಬಿಳಿಚಿಕೊಂಡಿದ್ದವು. "ಎದ್ದು ಹೋದ್ಮೇಲೆ ಏನಾಗುತ್ತೆ ಅಂತ ಯೋಚಿಸ್ತಾ ಕೂತಿದ್ದೆ" ಎಂದಳು.

ಮುಖ್ಯಸ್ಥರು ತಮ್ಮ ಸರದಿ ಬಂದಾಗ ನನ್ನನ್ನೇ ನೋಡಿ ಹೇಳಿದರು: "ನಾನು ತಂದೆ ಥರ. ಒಂದೇ ಒಂದು ದಿನ ಬೇಡ ಅಂದಿದ್ರೆ ಸಾಕಿತ್ತು."

ಸಾಕ್ಷಿ ಇಲ್ಲ, ಮೂವರೂ ಸೇರಿ ಹಾಗೆಂದು ಬರೆದು ಮುಗಿಸೋಣ ಎನ್ನುತ್ತಾರೆ ಆಡಳಿತಾಧಿಕಾರಿ. ನನಗೆ ಆ ಹುಡುಗಿ ಹೇಳಿದ್ದರ ಮೇಲೆ ನಂಬಿಕೆ ಇದೆ. ಯಾಕೆ ಎಂದು ಕೇಳಿದರೆ ಹೇಳಲು ಮಾತಿಲ್ಲ. ಆ ಮಾತಿಗಾಗಿ ಪುಸ್ತಕ ಕೇಳಿದೆ, ಅಕ್ಕಾ. ಬುದ್ಧಿ ಬಂದಿದ್ದಕ್ಕಲ್ಲ.

ತರಲೆ

*

ಮಾರ್ಚ್ ೧೨

ಅಕ್ಕಾ,

ನಿನ್ನ ಹುಟ್ಟಿದ ದಿನಕ್ಕೆಂದು ಒಂದು ಉಣ್ಣೆಯ ಶಾಲು ಕಳಿಸಿದ್ದೆ. ಹಗಲು ಕಾಲೇಜಿನಲ್ಲೇ ಇರುತ್ತೀಯ ತಾನೆ ಎಂದು ಅಲ್ಲಿಗೇ ಕಳಿಸಿದೆ. ವಾಪಸ್ ಬಂತು. ‘ಕೆಲಸ ಬಿಟ್ಟಿದ್ದಾರೆ’ ಎಂದು ಮೇಲೆ ಬರೆದಿದೆ. ತಪ್ಪಾಗಿರಬೇಕು ಎಂದು ಫೋನು ಮಾಡಿದೆ. ಅಲ್ಲಿಯ ಗುಮಾಸ್ತರು "ಮೇಡಂ ಬಿಟ್ಟು ತುಂಬಾ ದಿನ ಆಯ್ತಲ್ಲ. ನೀವು ಸ್ವಂತ ತಂಗಿನಾ?" ಎಂದರು.

ಆ ಪ್ರಶ್ನೆಯನ್ನು ನಿನಗೇ ಕಳಿಸುತ್ತಿದ್ದೇನೆ.

*

ಏಪ್ರಿಲ್ ೬

ತರಲೆ,

ಸ್ವಂತ ತಂಗಿಯೇ. ಅದಕ್ಕೇ ಹೇಳಲಾಗಲಿಲ್ಲ. ಬೇರೆಯವರಿಗೆಲ್ಲ ಸಲೀಸಾಗಿ ಹೇಳಿದ್ದೇನೆ.

ಅತ್ತೆ ಬಚ್ಚಲಲ್ಲಿ ಬಿದ್ದ ವರ್ಷವೇ ಬಿಟ್ಟೆ. ಆಸ್ಪತ್ರೆಯಿಂದ ಕರೆತಂದ ದಿನ ಎಲ್ಲರೂ ಸೇರಿದ್ದೆವು: ನಿನ್ನ ಭಾವ, ಮೈದುನ, ನಾದಿನಿ, ನಾನು. ಟೀ ಕೊಟ್ಟಿದ್ದೆ. ನಾದಿನಿ "ಯಾರಾದ್ರೂ ಮನೇಲಿ ಇರಬೇಕಾಗುತ್ತೆ" ಎಂದಳು. ಮೈದುನ "ಹೌದು, ಯಾರಾದ್ರೂ" ಎಂದ. ನಿನ್ನ ಭಾವ ಕಪ್ಪಿನ ಹಿಡಿಯನ್ನು ತಿರುಗಿಸುತ್ತಾ ಕೂತಿದ್ದರು. ಎಲ್ಲರೂ ಅವರವರ ಕಪ್ಪನ್ನೇ ನೋಡುತ್ತಿದ್ದರು. "ನಾನು ಬಿಡ್ತೀನಿ" ಎಂದು ಯಾರೋ ಅಂದರು. ನೋಡಿದರೆ ಅದು ನಾನೇ. "ಯೋಚನೆ ಮಾಡಿ ಹೇಳು" ಎಂದರು ಭಾವ, ಕೈ ತೊಳೆಯಲು ಏಳುತ್ತಾ.

ಬಿಡು ಎಂದು ಯಾರೂ ನನಗೆ ಹೇಳಲಿಲ್ಲ. ನಾನೇ ಹೇಳಲಿ ಎಂದು ಕಾದರು. ಅವರು ಕೆಟ್ಟವರೆಂದು ಬಯ್ದುಕೊಂಡು ಹಗುರಾಗೋಣವೆಂದರೆ ಅದಕ್ಕೂ ಎಡೆಯಿಲ್ಲ. ಇದನ್ನೇ ಪಾಠ ಮಾಡಿಕೊಂಡು ಬಂದವಳು ನಾನು, ತರಲೆ. ಯಾವ ಬಾಯಲ್ಲಿ ನಿನಗೆ ಹೇಳಲಿ? ಎಲ್ಲಿಂದ ಶುರು ಮಾಡಲಿ ಎಂದು ನೀನು ಕೇಳಿದಾಗ ನನಗೆ ಸಿಟ್ಟೇ ಬಂತು. ಎಲ್ಲಿ ನಿಲ್ಲಿಸಿದೆ ಎಂದು ಕೇಳಿದ ಹಾಗಾಯಿತು.

ಅಟ್ಟ ಹತ್ತಿ ಆ ಎರಡನೆಯ ಪುಸ್ತಕ ಇಳಿಸಿದೆ. ನಿನಗೆ ಕಳಿಸುವ ಮೊದಲು ತಿರುವಿ ಹಾಕುತ್ತಿದ್ದೆ. ಅತ್ತೆ "ಅದೇನು ಗೊಣಗ್ತಿದೀಯ, ಜೋರಾಗಿ ಓದು" ಎಂದರು. ಓದಿದೆ. ಸ್ವಲ್ಪ ಹೊತ್ತು ಕೇಳಿ, "ಇದನ್ನ ಬರೆದೋಳಿಗೆ ಮದುವೆ ಆಗಿತ್ತಾ?" ಎಂದರು.

"ಗೊತ್ತಿಲ್ಲ."

"ಅವಳ ಅತ್ತೆಗೆ ಬೆಡ್‌ಪ್ಯಾನ್ ಇಡ್ತಿದ್ದೋರು ಯಾರು ಅಂತ ಬರೆದಿದಾಳಾ?"

"ಇಲ್ಲ."

"ಬರೀಬೇಕಿತ್ತು" ಎಂದರು.

ನಾನು ನಕ್ಕೆ. ಅವರೂ ನಕ್ಕರು, ಕೆಮ್ಮು ಬಂತು, ಎತ್ತಿ ಕೂರಿಸಿದೆ. ಈಗ ದಿನಾ ಮಧ್ಯಾಹ್ನ ಒಂದಿಷ್ಟು ಓದುತ್ತೇನೆ. ಅರ್ಧಕ್ಕೇ ಗೊರಕೆ ಹೊಡೆಯುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಗಳಿಗಿಂತ ಕಡೆಯೇನಲ್ಲ.

ನಿನ್ನ ಕೇಂದ್ರದ ವಿಷಯ. ಆ ಹುಡುಗಿ ಹೇಳಿದ, ಯೋಚಿಸುತ್ತಾ ಕೂತಿದ್ದೆ ಎಂಬ ಮಾತು ನನ್ನನ್ನು ಬಿಡುತ್ತಿಲ್ಲ. ಟೀ ಕಪ್ಪಿನ ಮುಂದೆ ನಾನು ಕೂತದ್ದೂ ಹಾಗೆಯೇ. ಆದರೆ ಹುಷಾರು, ಅವಳ ಕಥೆಯಲ್ಲಿ ನನ್ನದನ್ನು ಸೇರಿಸಬೇಡ. ನನಗೆ ಯಾರೂ ಬಾಗಿಲು ಮುಚ್ಚಲಿಲ್ಲ. ಅವಳಿಗೆ ಮುಚ್ಚಿದರು. ಬರೆಯುವುದಾದರೆ ಅಲ್ಲಿಂದಲೇ ಶುರು ಮಾಡು. ಬಾಗಿಲು ಮುಚ್ಚಿದವರು ಯಾರು, ಬಾಟಲಿ ತೊಳೆಯಲು ಹಾಕಿದವರು ಯಾರು, ಯಾವಾಗ. ಅವಳ ಬಾಯಿಂದ ಏನು ಬರಲಿಲ್ಲ ಎನ್ನುವುದು ಆಮೇಲೆ.

ಶಾಲನ್ನು ಮನೆಗೆ ಕಳಿಸು.

ಅಕ್ಕ

*

ಏಪ್ರಿಲ್ ೨೧

ಅಕ್ಕಾ,

ನೀನು ಕೆಲಸ ಬಿಟ್ಟಿದ್ದಕ್ಕಲ್ಲ, ಹೇಳದೆ ಇದ್ದದ್ದಕ್ಕೆ ನನಗೆ ಸಿಟ್ಟು. ಅದಿನ್ನೂ ಇದೆ, ಇರಲಿ. ಆದರೆ ನೀನು ಚುಟುಕಾಗಿ ಬರೆದಾಗಲೆಲ್ಲ ಇವಳಿಗೆ ಇದು ಅರ್ಥವಾಗುವುದಿಲ್ಲ ಎಂದೇ ಬರೆದಿದ್ದೀಯ ಎಂದುಕೊಂಡೆ. ಆ ಪಾಪ ನನ್ನದು. ನಿನ್ನ ಕೈಯಲ್ಲಿ ಬಿಡುವೇ ಇರಲಿಲ್ಲ ಎಂದು ಹೊಳೆಯಲಿಲ್ಲ.

ನಿನ್ನೆ ಕೊನೆಯ ಸಭೆ ಇತ್ತು. ಆಡಳಿತಾಧಿಕಾರಿ ವರದಿಯನ್ನು ಮೊದಲೇ ತಯಾರು ಮಾಡಿಕೊಂಡು ಬಂದಿದ್ದರು. "ಸಹಿ ಹಾಕಿ ಮೇಡಂ, ಟೀ ಆರ್ತಿದೆ" ಎಂದರು.

"ನಾನು ಬೇರೆ ಬರ್ಕೊಂಡು ಬಂದಿದೀನಿ" ಎಂದೆ.

"ಅವರು ನಿಮಗೆ ಎಷ್ಟು ಮಾಡಿದಾರೆ!"

"ಮಾಡಿದಾರೆ. ಅದನ್ನೂ ಬರೆದಿದೀನಿ."

ನೀರಿನ ವರದಿ ಬರೆಯುವ ಹಾಗೆಯೇ ಬರೆದೆ: ಕೇಳಿದ್ದು, ಕಂಡದ್ದು, ತೀರ್ಮಾನ. ಬಾಗಿಲು ಮುಚ್ಚಿದ್ದನ್ನು ಮುಖ್ಯಸ್ಥರೇ ಒಪ್ಪಿದ್ದಾರೆ. ಕೋಣೆ ಬದಲಿಸಿದ ಆದೇಶದಲ್ಲಿ ಅವರದೇ ಸಹಿ ಇದೆ, ಕಾರಣ ಇಲ್ಲ. ಅವರು ನನಗೆ ಒಳ್ಳೆಯದು ಮಾಡಿದ್ದು ನಿಜ, ಆದರೆ ಈ ಹುಡುಗಿ ಕೇಳುತ್ತಿರುವುದಕ್ಕೆ ಅದು ಉತ್ತರವಲ್ಲ. ಬೇಡ ಎನ್ನಲು ಅವಳಿಗೆ ಅವರು ಜಾಗ ಬಿಟ್ಟಿರಲಿಲ್ಲ. ಅವಳು ಹೇಳಿದ್ದು ನಿಜವೆಂದು ನಾನು ನಂಬುತ್ತೇನೆ. ಇಷ್ಟೇ. ಸಿದ್ಧಾಂತದ ಒಂದು ಪದವೂ ಇಲ್ಲ. ಪಿತೃಪ್ರಧಾನ ಎಂದು ಒಂದು ಕಡೆ ಹಾಕೋಣ ಎಂದು ಆಸೆಯಾಗಿತ್ತು, ಕಾಗುಣಿತ ತಪ್ಪೀತೆಂದು ಬಿಟ್ಟೆ.

ವಕೀಲೆ ನನ್ನ ಹಾಳೆಯನ್ನು ಓದಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಮತ್ತೆ ಓದಿದರು. ಆಮೇಲೆ ಆ ಇನ್ನೊಂದಕ್ಕೇ ಸಹಿ ಹಾಕಿದರು. ಇಬ್ಬರು ಆ ಕಡೆ, ನಾನೊಬ್ಬಳು ಈ ಕಡೆ.

ಹೊರಗೆ ಬಂದಾಗ ಓಣಿಯಲ್ಲಿ ಮುಖ್ಯಸ್ಥರು ಎದುರಾದರು. ಎಂದಿನ ಹಾಗೆ "ಮಗಳು ಹೇಗಿದಾಳೆ?" ಎಂದರು. "ಚೆನ್ನಾಗಿದಾಳೆ ಸರ್" ಎಂದೆ. ಎಂದಿನ ಹಾಗೆಯೇ ಅಂದೆ. ಗೆದ್ದ ಹಾಗೂ ಇಲ್ಲ, ಸೋತ ಹಾಗೂ ಇಲ್ಲ. ಸುಸ್ತು.

ತರಲೆ

*

ಮೇ ೧೪

ತರಲೆ,

ನಿನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. "ನಿನ್ನ ತಂಗಿ ಗಟ್ಟಿಗಿತ್ತಿ" ಎಂದರು. ನನ್ನ ಬಗ್ಗೆ ಏನೂ ಅನ್ನಲಿಲ್ಲ. ಅದು ನನಗೆ ಯಾಕೋ ತಾಗಿತು.

ಕಾಲೇಜಿಗೆ ಹೋಗಿ ಕೇಳಿಕೊಂಡು ಬಂದೆ. ನನ್ನ ಹಳೆಯ ಜಾಗ ಇಲ್ಲ. ವಾರದಲ್ಲಿ ಕೆಲವು ತರಗತಿ ಕೊಡುತ್ತಾರೆ, ಹೊಸಬರಿಗೆ ಕೊಡುವ ಹಾಗೆ. ಒಪ್ಪಿಕೊಂಡೆ. ಭಾನುವಾರ ಎಲ್ಲರನ್ನೂ ಕರೆದು ಹೇಳಿದೆ.

"ಅಮ್ಮನ ಹತ್ತಿರ ಯಾರಿರ್ತಾರೆ?" ಎಂದರು ನಿನ್ನ ಭಾವ. ಸಿಟ್ಟಿನಿಂದಲ್ಲ. ನಿಜವಾಗಿ ಗೊತ್ತಿಲ್ಲದವರ ಹಾಗೆ.

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು: ಬೆಳಗ್ಗೆ ಎಲ್ಲ ಮುಗಿಸಿಯೇ ಹೋಗುತ್ತೇನೆ, ಮಧ್ಯಾಹ್ನ ಓಡಿ ಬರುತ್ತೇನೆ. ನುಂಗಿಕೊಂಡೆ. ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋಗುವ ಆಸೆಯಾಯಿತು, ಅದನ್ನೂ ತಡೆದೆ. ಅಷ್ಟು ಹೊತ್ತು ಸುಮ್ಮನೆ ಕೂರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ನಾದಿನಿ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಮೈದುನ ಗಂಟಲು ಸರಿಮಾಡಿಕೊಂಡು "ನಂಗೆ ಸೋಮವಾರ ಆಗಬಹುದೇನೋ" ಎಂದ. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಎಲ್ಲರ ಮಾತಿನ ಕೊನೆಗೂ ಒಂದೊಂದು ‘ಏನೋ’ ಇತ್ತು. ಆದರೂ ಬಂತು.

ಎಲ್ಲರೂ ಹೋದ ಮೇಲೆ ಭಾವ "ಆ ಬೆಡ್‌ಪ್ಯಾನ್ ಎಲ್ಲಿಡ್ತೀಯ?" ಎಂದು ಮೆಲ್ಲಗೆ ಕೇಳಿದರು. ಇಷ್ಟು ವರ್ಷ ಅದೇ ಮಂಚದ ಕೆಳಗಿತ್ತು. ತೋರಿಸಿದೆ.

ಗೆದ್ದೆ ಎಂದು ಬರೆಯೋಣ ಎನ್ನುವಷ್ಟರಲ್ಲಿ ಅತ್ತೆ ಕರೆದು "ನನ್ನನ್ನ ಹಂಚಿಕೊಂಡ್ರಾ?" ಎಂದರು. ನಾನು ಹೊದಿಕೆ ಸರಿಮಾಡಿದೆ. ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ, ತರಲೆ. ಇದಕ್ಕೆ ಹೇಳುವ ಮಾತು ಒಂದರಲ್ಲೂ ಸಿಗಲಿಲ್ಲ. ಹಾಸಿಗೆಯಲ್ಲಿ ಮಲಗಿರುವವರೂ ಹೆಂಗಸೇ ಅಲ್ಲವೇ.

ಶಾಲು ಬಂತು. ಅವರಿಗೆ ಹೊದಿಸಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಅಕ್ಕ

*

ಜೂನ್ ೯

ಅಕ್ಕಾ,

ಶಾಲಿನ ವಿಷಯಕ್ಕೆ ಬೇಜಾರಿಲ್ಲ. ಇನ್ನೊಂದು ಕಳಿಸುತ್ತೇನೆ, ಅದನ್ನು ನೀನೇ ಹೊದೆಯಬೇಕು. ನಿನ್ನ ಅತ್ತೆಗೆ ಏನು ಹೇಳಬೇಕೋ ನನಗೂ ತಿಳಿಯುತ್ತಿಲ್ಲ. ಮಧ್ಯಾಹ್ನದ ಓದನ್ನು ಮಾತ್ರ ನಿಲ್ಲಿಸಬೇಡ. ನಿನ್ನ ಭಾಗಕ್ಕೆ ಅದಾದರೂ ಇರಲಿ.

ಇಲ್ಲಿಯ ಆದೇಶ ಬಂತು. ಇಬ್ಬರು ಬರೆದದ್ದೇ ಉಳಿಯಿತು. ಮುಖ್ಯಸ್ಥರು ಅದೇ ಕೋಣೆಯಲ್ಲಿ, ಅದೇ ಕುರ್ಚಿಯಲ್ಲಿದ್ದಾರೆ. ಬಾಗಿಲು ತೆರೆದಿಡಬೇಕು ಎಂದು ಮೇಲಿನಿಂದ ಒಂದು ಸೂಚನೆ ಬಂದಿದೆಯಂತೆ. ಒಂದು ಇಟ್ಟಿಗೆ ಒತ್ತಿಟ್ಟು ತೆರೆದಿದ್ದಾರೆ. ನನ್ನ ಹಾಳೆಯಿಂದ ಆದದ್ದು ಅಷ್ಟು. ನನ್ನನ್ನು ಸೂಕ್ಷ್ಮದರ್ಶಕದಿಂದ ಎಬ್ಬಿಸಿ ಬಾಟಲಿ ತೊಳೆಯುವ ಕೋಣೆಯ ಮೇಲ್ವಿಚಾರಣೆಗೆ ಹಾಕಿದರು. "ಅನುಭವ ಇರೋರು ಅಲ್ಲಿ ಬೇಕು" ಎಂದರು ಆಡಳಿತಾಧಿಕಾರಿ. ಈಗ ಮುಖ್ಯಸ್ಥರು ಮಗಳ ಬಗ್ಗೆ ಕೇಳುವುದಿಲ್ಲ. ಅದು ಇಷ್ಟು ನೋಯಿಸುತ್ತದೆ ಎಂದುಕೊಂಡಿರಲಿಲ್ಲ.

ಹುಡುಗಿ ಕೆಲಸ ಬಿಟ್ಟಳು. ಬೇರೆ ಊರಿನಲ್ಲಿ ಒಂದು ಔಷಧದ ಕಾರ್ಖಾನೆಯಲ್ಲಿ ಸಿಕ್ಕಿದೆಯಂತೆ. ಹೊರಡುವ ದಿನ ಬಾಟಲಿ ಕೋಣೆಗೆ ಬಂದಳು. ನಾನು ತೊಟ್ಟಿಯ ಮುಂದೆ ನಿಂತಿದ್ದೆ, ತೋಳೆಲ್ಲ ನೊರೆ.

"ನನ್ನಿಂದ ನಿಮ್ಮನ್ನ ಇಲ್ಲಿಗೆ ಹಾಕಿದ್ರು" ಎಂದಳು.

"ನಿನ್ನಿಂದ ಅಲ್ಲ ಬಿಡು."

ಅವಳು ಹೋಗಲಿಲ್ಲ. ಒರೆಸುವ ಬಟ್ಟೆಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು. "ನೀವು ಬೇರೆ ಬರೆದ್ರಂತೆ. ನಂಗೆ ಕೊಟ್ಟ ಕಾಗದದಲ್ಲಿ ಅದಿಲ್ಲ. ಏನಂತ ಬರೆದ್ರಿ?"

ಅದನ್ನು ಹೇಳಬಾರದು. ನಿನಗೆ ಹೇಳಿದ್ದೇ ತಪ್ಪು, ಅವಳಿಗೆ ಹೇಳುವುದು ಇನ್ನೂ ದೊಡ್ಡ ತಪ್ಪು. ನಲ್ಲಿ ನಿಲ್ಲಿಸಿದೆ. ಬರೆದದ್ದನ್ನು ಒಂದೊಂದಾಗಿ ಹೇಳಿದೆ: ಬಾಗಿಲು, ಆದೇಶ, ಸಹಿ. ಕೊನೆಗೆ, "ನೀನು ಹೇಳಿದ್ದು ನಿಜ ಅಂತ ನಾನು ನಂಬ್ತೀನಿ ಅಂತ ಬರೆದೆ" ಎಂದೆ.

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಗೋಡೆಗೆ ಒರಗಿಕೊಂಡು, ಬಟ್ಟೆಯನ್ನು ಎದೆಗೆ ಒತ್ತಿ ಹಿಡಿದು, ತುಂಬಾ ದೂರದಿಂದ ನಡೆದು ಬಂದವರ ಹಾಗೆ ನಿಂತಳು.

"ಇನ್ನೊಂದ್ಸಲ ಹೇಳಿ ಮೇಡಂ" ಎಂದಳು.

ಹೇಳಿದೆ.

ತರಲೆ